‘ಏನ್ ಹೇಳ್ದ? ಯಾಕಂತೆ?’: ಕ್ಲ್ಯಾಟ್‌ಗೆ ಓದಿದ ಏಳು ತಿಂಗಳು

ಕ್ಲ್ಯಾಟ್ ಅಂದರೆ ಕಾನೂನು ಓದಲು ಬರೆಯುವ ಪ್ರವೇಶ ಪರೀಕ್ಷೆ. ಅದರ ಅಭ್ಯಾಸಕ್ಕೆ ಬರೆದ ನನ್ನ ಮೊದಲ ಮಾಕ್ ಟೆಸ್ಟ್‌ನಲ್ಲಿ ಲಾಜಿಕಲ್ ರೀಸನಿಂಗ್ (ತರ್ಕ) ಭಾಗಕ್ಕೆ ಬಂದದ್ದು 5.75 ಅಂಕ. 24 ಪ್ರಶ್ನೆ ಇದ್ದವು. 9 ಸರಿ, 13 ತಪ್ಪು, 2 ಬಿಟ್ಟಿದ್ದೆ. ಕ್ಲ್ಯಾಟ್‌ನಲ್ಲಿ ಒಂದು ತಪ್ಪಿಗೆ ಕಾಲು ಅಂಕ ಕಳೆಯುತ್ತಾರೆ. ಹಾಗಾಗಿ ಬಂದಿದ್ದ 9ರಲ್ಲೂ ಮೂರೂಕಾಲು ಹೋಯಿತು.

ಅಂಕ ಕಮ್ಮಿ ಬಂದದ್ದಕ್ಕಿಂತ ಜಾಸ್ತಿ ನೋವಾದದ್ದು ಬೇರೆ ವಿಷಯಕ್ಕೆ. ಆ 13ರಲ್ಲಿ ಹತ್ತಾದರೂ ಸರಿ ಅಂತ ನಾನು ಗಟ್ಟಿಯಾಗಿ ನಂಬಿದ್ದೆ. ಗೊತ್ತಿಲ್ಲದೆ ತಪ್ಪಾದರೆ ಓದಿ ಸರಿ ಮಾಡಿಕೊಳ್ಳಬಹುದು. ಗೊತ್ತಿದೆ ಅಂದುಕೊಂಡೇ ತಪ್ಪು ಮಾಡಿದರೆ ಎಲ್ಲಿಂದ ಶುರು ಮಾಡಬೇಕು?

ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಹತ್ತನೇ ತರಗತಿವರೆಗೆ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ. ಆಮೇಲೆ ಪಿಯುಸಿಯಲ್ಲಿ ಕಾಮರ್ಸ್. 2023ರ ಬೇಸಿಗೆಯಲ್ಲಿ ಸೆಕೆಂಡ್ ಪಿಯುಸಿ ಮುಗಿಯಿತು. ಕಾನೂನು ಓದಬೇಕು ಅಂತ ಆಸೆ ಮೊದಲಿಂದಲೂ ಇತ್ತು. ನಮ್ಮ ಜಮೀನಿನ ಭಾಗದ ಕೇಸು ನಾನು ಹುಟ್ಟುವ ಮೊದಲಿನದು. ಮನೆಗೆ ಬರುವ ಕೋರ್ಟಿನ ಕಾಗದವನ್ನು ಓದಿ ಹೇಳುವ ಒಬ್ಬರು ಮನೆಯಲ್ಲೇ ಇರಲಿ ಅಂತ ಅಮ್ಮನಿಗೂ ಆಸೆ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಬೇಕಾದರೆ ಕ್ಲ್ಯಾಟ್ ಬರೆಯಬೇಕು ಅಂತ ನಮ್ಮ ಕಾಲೇಜಿನ ಮೇಡಂ ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಅಂಥ ವಿಶ್ವವಿದ್ಯಾಲಯಗಳಲ್ಲಿ ಮೊದಲನೆಯದು ನಮ್ಮ ಬೆಂಗಳೂರಿನ ನಾಗರಭಾವಿಯಲ್ಲೇ ಇದೆ. ಅಷ್ಟು ಹತ್ತಿರ ಇದ್ದರೂ ಅದರ ಹೆಸರು ನಾನು ಕೇಳಿರಲಿಲ್ಲ.

ಒಂದು ವರ್ಷ ಗ್ಯಾಪ್ ತೆಗೆದುಕೊಂಡು ಡಿಸೆಂಬರ್ 3ರ ಪರೀಕ್ಷೆಗೆ ಓದುವುದು ಅಂತ ತೀರ್ಮಾನಿಸಿದೆ. ಕೋಚಿಂಗ್‌ಗೆ ಹೋಗುವಷ್ಟು ದುಡ್ಡು ಇರಲಿಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಒಂದು ಹಳೆಯ ಗೈಡ್ ಕೊಂಡು ತಂದೆ. ಅದರಿಂದ ಪೂರ್ತಿ ಒಂದು ತಿಂಗಳು ಹಾಳಾಯಿತು. ರಕ್ತಸಂಬಂಧ, ದಿಕ್ಕು, ಕೋಡಿಂಗ್, ದುಂಡು ಮೇಜಿನ ಸುತ್ತ ಯಾರ ಪಕ್ಕ ಯಾರು ಅನ್ನುವ ಪ್ರಶ್ನೆಗಳೇ ಅದರ ತುಂಬ. ಅದು ಹಳೆಯ ಕ್ಲ್ಯಾಟ್. ಆಗ 200 ಚಿಕ್ಕ ಚಿಕ್ಕ ಪ್ರಶ್ನೆ ಇರುತ್ತಿದ್ದವು. 2020ರಿಂದ ಪರೀಕ್ಷೆಯ ರೂಪವೇ ಬದಲಾಗಿದೆ. ಎಲ್ಲ ಭಾಗದಲ್ಲೂ ಪ್ಯಾಸೇಜ್, ಅಂದರೆ ಒಂದು ಗದ್ಯಭಾಗ ಕೊಟ್ಟು, ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಮೊದಲು 150 ಪ್ರಶ್ನೆ ಮಾಡಿದ್ದರು. ನಾನು ಬರೆದ ವರ್ಷದಿಂದ ಅದು 120ಕ್ಕೆ ಇಳಿಯಿತು. ಸಮಯ 120 ನಿಮಿಷ. ಲಾಜಿಕಲ್ ರೀಸನಿಂಗ್‌ಗೆ 22ರಿಂದ 26 ಪ್ರಶ್ನೆ. ನೀವು ಯಾರಾದರೂ ಈಗ ಶುರು ಮಾಡುತ್ತಿದ್ದರೆ ದಯವಿಟ್ಟು 2020ಕ್ಕಿಂತ ಹಳೆಯ ಪುಸ್ತಕವನ್ನು ನಂಬಿಕೊಂಡು ಕೂರಬೇಡಿ. ಪರೀಕ್ಷೆ ನಡೆಸುವ ಕನ್ಸೋರ್ಟಿಯಂ ತನ್ನ ವೆಬ್‌ಸೈಟಿನಲ್ಲೇ ಹಿಂದಿನ ವರ್ಷಗಳ ಪೇಪರ್ ಹಾಕಿದೆ. ಅವನ್ನು ಮೊದಲು ನೋಡಿ.

ಆ ಪೇಪರ್‌ಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದು ಕುಳಿತೆ. ಇಂಗ್ಲಿಷ್ ಕಷ್ಟವಾಯಿತು, ನಿಜ. ಒಂದೊಂದು ಪ್ಯಾಸೇಜ್ ಸುಮಾರು 450 ಪದ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡೇ ಓದುತ್ತಿದ್ದೆ. ನನ್ನ ತಪ್ಪುಗಳಿಗೆಲ್ಲ ಇಂಗ್ಲಿಷೇ ಕಾರಣ ಅಂತ ಎರಡು ತಿಂಗಳು ನಂಬಿದ್ದೆ. ಅದು ಹಾಗಲ್ಲ ಅಂತ ತೋರಿಸಿಕೊಟ್ಟದ್ದು ಒಂದೇ ಒಂದು ಪ್ರಶ್ನೆ.

ಒಂದು ಮಾಕ್ ಪೇಪರಿನಲ್ಲಿ ಸಣ್ಣ ಸರ್ಕಾರಿ ಶಾಲೆಗಳ ಬಗ್ಗೆ ಪ್ಯಾಸೇಜ್ ಇತ್ತು. ಬರೆದವರ ವಾದ ಇಷ್ಟು: ಮಕ್ಕಳು ಕಮ್ಮಿ ಇರುವ ಶಾಲೆಯಲ್ಲಿ ಒಬ್ಬರೇ ಶಿಕ್ಷಕರು ನಾಲ್ಕೈದು ತರಗತಿ ನೋಡಿಕೊಳ್ಳಬೇಕು. ಅಂಥ ಶಾಲೆಗಳನ್ನು ಪಕ್ಕದ ದೊಡ್ಡ ಶಾಲೆಗೆ ಸೇರಿಸಿದರೆ ಒಂದೊಂದು ತರಗತಿಗೆ ಒಬ್ಬೊಬ್ಬ ಶಿಕ್ಷಕರು ಸಿಗುತ್ತಾರೆ. ಆಗ ಮಕ್ಕಳ ಕಲಿಕೆ ಸುಧಾರಿಸುತ್ತದೆ. ಪ್ರಶ್ನೆ: ಕೆಳಗಿನ ಯಾವ ಮಾತು ನಿಜವಾದರೆ ಈ ವಾದ ದುರ್ಬಲವಾಗುತ್ತದೆ?

ನನಗೆ ಓದುತ್ತಲೇ ಸಿಟ್ಟು ಬಂತು. ನಾನು ಓದಿದ್ದೂ ಅಂಥದ್ದೇ ಶಾಲೆಯಲ್ಲಿ. ಮೊದಲ ಆಯ್ಕೆ ನೋಡಿದೆ: ಶಾಲೆ ಊರಿನ ಹೆಮ್ಮೆ, ಮುಚ್ಚಿದರೆ ಜನರಿಗೆ ನೋವಾಗುತ್ತದೆ. ಇದೇ ಸರಿ ಅಂತ ಗುರುತು ಹಾಕಿ ಮುಂದೆ ಹೋದೆ. ಉಳಿದ ಮೂರನ್ನು ನೆಟ್ಟಗೆ ಓದಲೂ ಇಲ್ಲ. ಸರಿ ಉತ್ತರ ಬೇರೆ ಇತ್ತು: ಹಿಂದೆ ಹೀಗೆ ಸೇರಿಸಿದ ಕಡೆಗಳಲ್ಲಿ ಶಿಕ್ಷಕರ ಹುದ್ದೆಗಳನ್ನೂ ಕಡಿಮೆ ಮಾಡಿದ್ದಾರೆ, ತರಗತಿಗೊಬ್ಬ ಶಿಕ್ಷಕರು ಸಿಕ್ಕಿಲ್ಲ.

ಆ ಪ್ಯಾಸೇಜಿನಲ್ಲಿ ನನಗೆ ತಿಳಿಯದ ಒಂದು ಇಂಗ್ಲಿಷ್ ಪದವೂ ಇರಲಿಲ್ಲ. ಆದರೂ ತಪ್ಪಿದೆ. ಊರಿನವರಿಗೆ ನೋವಾಗುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ಬರೆದವರು ಜನರ ನೋವಿನ ಬಗ್ಗೆ ಮಾತೇ ಆಡಿಲ್ಲ. ಅವರ ವಾದ ನಿಂತಿರುವುದು ‘ತರಗತಿಗೊಬ್ಬ ಶಿಕ್ಷಕರು ಸಿಗುತ್ತಾರೆ’ ಅನ್ನುವ ಒಂದು ಕಂಬದ ಮೇಲೆ. ಆ ಕಂಬ ಅಲ್ಲಾಡಿಸುವ ಆಯ್ಕೆ ಹುಡುಕಬೇಕಿತ್ತು. ನಾನು ನನ್ನ ಮನಸ್ಸಿಗೆ ಹಿಡಿಸಿದ್ದನ್ನು ಹುಡುಕಿದೆ.

ಆ ಸಂಜೆ ಅಪ್ಪ ಅಂಗಳದಲ್ಲಿ ಕಾಯಿ ಸುಲಿಯುತ್ತಾ ಕೂತಿದ್ದರು. ನಾನು ಸಪ್ಪಗಿದ್ದದ್ದು ನೋಡಿ ಕೇಳಿದರು. ಪ್ಯಾಸೇಜನ್ನು ಕನ್ನಡದಲ್ಲಿ ಹೇಳಿದೆ. ಹೇಳುತ್ತಾ ಹೇಳುತ್ತಾ ಶಾಲೆ ಮುಚ್ಚುವುದು ಎಷ್ಟು ತಪ್ಪು ಅಂತ ನನ್ನದೇ ಭಾಷಣ ಶುರುವಾಯಿತು. ಅಪ್ಪ ನಿಲ್ಲಿಸಿದರು.

“ನಿನ್ ಮಾತು ಆಮೇಲೆ ಕೇಳ್ತೀನಿ ಕಣಮ್ಮ. ಅವನು ಏನ್ ಹೇಳ್ದ?”

“ಸಣ್ಣ ಶಾಲೆ ಸೇರಿಸಿದ್ರೆ ಮಕ್ಕಳು ಚೆನ್ನಾಗಿ ಕಲೀತಾರೆ ಅಂದ.”

“ಯಾಕಂತೆ?”

“ಕ್ಲಾಸಿಗೊಬ್ರು ಮೇಷ್ಟ್ರು ಸಿಗ್ತಾರಂತೆ.”

“ಸಿಗ್ತಾರಾ?”

ಅಪ್ಪ ಓದಿದ್ದು ಏಳನೇ ತರಗತಿ. ನಾಲ್ಕು ಆಯ್ಕೆ ನೋಡದೆಯೇ ಸರಿ ಉತ್ತರದ ಬಾಗಿಲಿಗೆ ಬಂದು ನಿಂತಿದ್ದರು. ಅವತ್ತಿನಿಂದ ಇದೇ ನನ್ನ ಅಭ್ಯಾಸವಾಯಿತು. ದಿನಕ್ಕೆ ಎರಡು ಪ್ಯಾಸೇಜ್ ಬೆಳಿಗ್ಗೆ ಓದುವುದು, ಸಂಜೆ ಅಪ್ಪನಿಗೆ ಕನ್ನಡದಲ್ಲಿ ಹೇಳುವುದು. ಏನ್ ಹೇಳ್ದ ಅಂದರೆ ತೀರ್ಮಾನ. ಯಾಕಂತೆ ಅಂದರೆ ಆಧಾರ. ಎರಡನ್ನೂ ಒಂದೊಂದೇ ವಾಕ್ಯದಲ್ಲಿ ಹೇಳೋಕೆ ಆಗದಿದ್ದರೆ ನನಗೆ ಪ್ಯಾಸೇಜ್ ಅರ್ಥವಾಗಿಲ್ಲ ಅಂತಲೇ ಲೆಕ್ಕ. ಪ್ರಶ್ನೆಗಳ ಹತ್ತಿರ ಹೋಗುವ ಹಾಗಿಲ್ಲ.

ಮೂರನೆಯ ಪ್ರಶ್ನೆಯೊಂದು ಆಮೇಲೆ ಸೇರಿತು: “ಯಾರು ಹೇಳಿದ್ದು?” ಕ್ಲ್ಯಾಟ್ ಪ್ಯಾಸೇಜುಗಳಲ್ಲಿ ಬರೆದವರು ಎಷ್ಟೋ ಸಲ ಎದುರಿನವರ ಮಾತನ್ನು ಮೊದಲು ಇಡುತ್ತಾರೆ. ಹಲವರು ಹೀಗೆನ್ನುತ್ತಾರೆ ಅಂತ ಎರಡು ಪ್ಯಾರಾ. ಆಮೇಲೆ ‘ಆದರೆ’ ಅಂತ ಒಂದು ಪದ. ಅಲ್ಲಿಂದ ಮುಂದೆ ಅವರ ಸ್ವಂತ ಮಾತು. ಓಡಿಸಿಕೊಂಡು ಓದುವಾಗ ನಾನು ಎದುರಿನವರ ಮಾತನ್ನೇ ಬರೆದವರ ಬಾಯಿಗೆ ಹಾಕಿಬಿಡುತ್ತಿದ್ದೆ. ಆಯ್ಕೆಗಳಲ್ಲಿ ಆ ಮಾತೂ ಇದ್ದೇ ಇರುತ್ತದೆ, ನಮ್ಮಂಥವರಿಗೇ ಕಾಯುತ್ತಾ. ಆಮೇಲಿಂದ ‘ಬಟ್’, ‘ಹೌಎವರ್’, ‘ಯೆಟ್’ ಎಲ್ಲಿ ಕಂಡರೂ ಸುತ್ತ ಒಂದು ಗೀಟು ಹಾಕುವುದನ್ನು ರೂಢಿ ಮಾಡಿಕೊಂಡೆ.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಟ್ಟ ಭಾಗಕ್ಕೆ ಬರುತ್ತೇನೆ. ‘ಇಫ್’, ‘ಓನ್ಲಿ ಇಫ್’, ‘ಅನ್‌ಲೆಸ್’. ಈ ಮೂರು ಪದ ನನ್ನನ್ನು ಅಳುವ ಹಾಗೆ ಮಾಡಿವೆ. ಯೂಟ್ಯೂಬ್ ವಿಡಿಯೋಗಳಲ್ಲಿ ಎ, ಬಿ, ಬಾಣದ ಗುರುತು ಹಾಕಿ ಹೇಳಿಕೊಡುತ್ತಾರೆ. ನೋಡುವಾಗ ತಿಳಿದ ಹಾಗಿರುತ್ತದೆ. ಪೇಪರ್ ಮುಂದೆ ಬಂದರೆ ಬಾಣ ಯಾವ ಕಡೆಗೆ ಅಂತ ಮರೆತುಹೋಗುತ್ತದೆ.

ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದು ಹೇಗೆ ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಆಗ ಕಾಯಿ ಎತ್ತಿ ಅಲ್ಲಾಡಿಸಿದರೆ ಒಳಗೆ ಗುಡುಗುಡು ಸದ್ದು. ಅಪ್ಪ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಇದು ಆಗಿದೆ, ಇದು ಆಗಿಲ್ಲ ಅಂತ ಬೇರೆ ಮಾಡುತ್ತಾರೆ.

ಒಂದು ದಿನ ಅಟ್ಟದಿಂದ ಕಾಯಿ ಇಳಿಸುವಾಗ ನಾನೂ ಕೂತಿದ್ದೆ. ಒಂದು ಕಾಯಿ ಜೋರಾಗಿ ಸದ್ದು ಮಾಡಿತು. “ಇದು ಒಳ್ಳೇ ಕೊಬ್ಬರಿ” ಅಂದೆ. ಅಪ್ಪ ಒಡೆದು ತೋರಿಸಿದರು. ಒಳಗೆ ಕೌಟು ಹಿಡಿದಿತ್ತು.

“ಕೊಬ್ಬರಿ ಆಗಿದ್ರೆ ಸದ್ದು ಬರುತ್ತೆ. ಸದ್ದು ಬಂದದ್ದೆಲ್ಲ ಒಳ್ಳೇ ಕೊಬ್ಬರಿ ಅಲ್ಲ.”

“ಸದ್ದೇ ಬರದಿದ್ರೆ?”

“ಆಗಿಲ್ಲ ಅಂತ. ಅದ್ರಲ್ಲಿ ಅನುಮಾನ ಇಲ್ಲ.”

ನಾನು ಓಡಿ ಹೋಗಿ ನೋಟ್ಸ್ ತಂದೆ. ವಿಡಿಯೋದಲ್ಲಿ ಹೇಳಿದ್ದು ಪೂರ್ತಿ ಇಲ್ಲೇ ಇದೆ! ಕೊಬ್ಬರಿ ಆಗಿದ್ದರೆ ಸದ್ದು. ಇದನ್ನು ತಿರುಗಿಸಿ ‘ಸದ್ದು ಇದ್ದರೆ ಕೊಬ್ಬರಿ’ ಅನ್ನುವ ಹಾಗಿಲ್ಲ. ‘ಕೊಬ್ಬರಿ ಆಗಿಲ್ಲದಿದ್ದರೆ ಸದ್ದಿಲ್ಲ’ ಅನ್ನುವ ಹಾಗೂ ಇಲ್ಲ. ‘ಸದ್ದಿಲ್ಲ ಅಂದರೆ ಕೊಬ್ಬರಿ ಆಗಿಲ್ಲ’ ಅಂತ ಮಾತ್ರ ಧೈರ್ಯವಾಗಿ ಹೇಳಬಹುದು. ಒಂದು ವಾಕ್ಯ ಕೊಟ್ಟು ಅದರಿಂದ ಏನು ಖಂಡಿತ ಹೊರಡುತ್ತದೆ ಅಂತ ಕೇಳುವ ಪ್ರಶ್ನೆಗಳಲ್ಲಿ ಆಯ್ಕೆಗಳು ಈ ಮೂರು ರೂಪದಲ್ಲೇ ಬಂದು ಕೂರುತ್ತವೆ. ಆಮೇಲೆ ನನಗೆ ಬಾಣ ಬೇಕಾಗಲಿಲ್ಲ. ಕಾಯಿ ಅಲ್ಲಾಡಿಸಿ ನೋಡುತ್ತಿದ್ದೆ.

‘ಅನ್‌ಲೆಸ್’ ಕೂಡ ಹೀಗೇ ಕೈಗೆ ಸಿಕ್ಕಿತು. ಅದಕ್ಕೆ ಕನ್ನಡದಲ್ಲಿ ‘ಹೊರತು’ ಇದೆ. ಮಳೆ ಬಾರದ ಹೊರತು ರಾಗಿ ಬಿತ್ತುವುದಿಲ್ಲ. ಮಳೆ ಬಂದ ಕೂಡಲೇ ಬಿತ್ತೇಬಿಡುತ್ತಾರೆ ಅಂತ ಇದರ ಅರ್ಥವಲ್ಲ. ಬೀಜ ಇಲ್ಲದಿರಬಹುದು, ಉಳುಮೆ ಆಗದಿರಬಹುದು. ಆದರೆ ಹೊಲದಲ್ಲಿ ಬಿತ್ತನೆ ನಡೆಯುತ್ತಿದೆ ಅಂದರೆ ಮಳೆ ಬಂದಿದೆ. ‘ಓನ್ಲಿ ಇಫ್’ ಅಂದರೂ ಅದೇ: ಮಳೆ ಬಂದರೆ ಮಾತ್ರ ಬಿತ್ತನೆ. ಆ ‘ಮಾತ್ರ’ ಎಲ್ಲಿ ಕೂತಿದೆ ನೋಡಿ. ನಮ್ಮ ಭಾಷೆಯಲ್ಲಿ ಅದು ಎಷ್ಟು ಸ್ಪಷ್ಟವಾಗಿದೆ! ಕನ್ನಡ ಮೀಡಿಯಂ ಓದಿದವರಿಗೆ ಈ ಪರೀಕ್ಷೆ ಆಗದ ಕೆಲಸ ಅಂತ ನನಗೆ ಬಹಳ ಜನ ಹೇಳಿದ್ದರು. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ಇರುವುದು ನಮಗೆ ದೊಡ್ಡ ಹೊರೆ, ಅದನ್ನು ನಾನು ಸಣ್ಣದು ಮಾಡಿ ಹೇಳುವುದಿಲ್ಲ. ಆದರೆ ತರ್ಕ ಇಂಗ್ಲಿಷಿನವರ ಸೊತ್ತಲ್ಲ. ಅದು ನಮ್ಮ ಅಂಗಳದಲ್ಲೂ ಇದೆ.

ಒಂದು ಕಡೆ ಮಾತ್ರ ಕನ್ನಡದ ರೂಢಿ ನನ್ನನ್ನು ಎಡವಿಸಿತು. ‘ಸಮ್’ ಅನ್ನುವ ಪದ. ‘ಕೆಲವರು ಊಟ ಮಾಡಿದರು’ ಅಂದರೆ ನಾವು ಉಳಿದವರಿಗೆ ಊಟ ಆಗಿಲ್ಲ ಅಂತಲೇ ತಿಳಿಯುತ್ತೇವೆ, ಅಲ್ವಾ? ಪರೀಕ್ಷೆಯಲ್ಲಿ ಹಾಗಲ್ಲ. ‘ಕೆಲವು ವಕೀಲರು ಲೇಖಕರು’ ಅಂದರೆ ಒಬ್ಬರಾದರೂ ಇದ್ದಾರೆ ಅಂತ ಮಾತ್ರ. ಎಲ್ಲರೂ ಆಗಿರಲಿಕ್ಕೂ ಸಾಕು. ಅದರಿಂದ ‘ಕೆಲವು ವಕೀಲರು ಲೇಖಕರಲ್ಲ’ ಅಂತ ಎಳೆದರೆ ತಪ್ಪು. ಇದನ್ನು ಅಪ್ಪನಿಗೆ ಒಪ್ಪಿಸುವುದಕ್ಕೆ ನನಗೆ ಕೊನೆವರೆಗೂ ಆಗಲಿಲ್ಲ.

ಹೇಳದೆ ಬಿಟ್ಟ ಮಾತನ್ನು ಹುಡುಕುವ ಪ್ರಶ್ನೆಗಳು ಇನ್ನೊಂದು ಗುಡ್ಡ. ‘ಅಸಂಪ್ಷನ್’ ಅಂತ ಕರೆಯುತ್ತಾರೆ. ವಾದ ಮಾಡಿದವರು ಬಾಯಿಬಿಟ್ಟು ಹೇಳಿರುವುದಿಲ್ಲ, ಆದರೆ ಅದಿಲ್ಲದೆ ವಾದ ನಿಲ್ಲುವುದಿಲ್ಲ. ಇದಕ್ಕೆ ಒಂದು ಉಪಾಯ ಇದೆ. ಆಯ್ಕೆಯನ್ನು ಉಲ್ಟಾ ಮಾಡಿ ನೋಡಬೇಕು. ಉಲ್ಟಾ ಮಾಡಿದಾಗ ವಾದ ಬಿದ್ದುಹೋದರೆ ಅದೇ ಉತ್ತರ.

ನಾನು ಅಭ್ಯಾಸಕ್ಕೆ ನನ್ನದೇ ಉದಾಹರಣೆ ಕಟ್ಟಿಕೊಳ್ಳುತ್ತಿದ್ದೆ. ದಿನಪತ್ರಿಕೆ ಓದಲು ನಮ್ಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಹೋಗುತ್ತಿದ್ದೆ. ‘ಇಲ್ಲಿಗೆ ಇನ್ನಷ್ಟು ಪುಸ್ತಕ ತರಿಸಿದರೆ ಮಕ್ಕಳು ಜಾಸ್ತಿ ಬರುತ್ತಾರೆ’ ಅಂತ ಯಾರೋ ಹೇಳುತ್ತಾರೆ ಅಂದುಕೊಳ್ಳಿ. ಅವರು ಹೇಳದೆ ಬಿಟ್ಟಿರುವುದು ಏನು? ಮಕ್ಕಳು ಬರದಿರುವುದಕ್ಕೆ ಪುಸ್ತಕ ಕಮ್ಮಿ ಇರುವುದೂ ಒಂದು ಕಾರಣ ಅಂತ. ಉಲ್ಟಾ ಮಾಡೋಣ. ಮಕ್ಕಳು ಬರದಿರುವುದಕ್ಕೂ ಪುಸ್ತಕಕ್ಕೂ ಸಂಬಂಧವೇ ಇಲ್ಲ, ಬಾಗಿಲು ತೆರೆದಿರುವ ಹೊತ್ತಿಗೆ ಅವರು ಶಾಲೆಯಲ್ಲಿರುತ್ತಾರೆ. ವಾದ ಅಲ್ಲೇ ಕುಸಿಯಿತು. ಆದರೆ ಆಯ್ಕೆಗಳಲ್ಲಿ ‘ಪುಸ್ತಕ ಕಮ್ಮಿ ಇರುವುದೊಂದೇ ಕಾರಣ’ ಅಂತಲೂ ಇರುತ್ತದೆ. ಅದನ್ನು ಉಲ್ಟಾ ಮಾಡಿ: ಅದೊಂದೇ ಕಾರಣ ಅಲ್ಲ, ಬೇರೆಯೂ ಇವೆ. ವಾದ ಬೀಳುತ್ತದೆಯೇ? ಇಲ್ಲ. ಪುಸ್ತಕ ಬಂದರೆ ಇನ್ನೂ ಸ್ವಲ್ಪ ಮಕ್ಕಳು ಬರಬಹುದು. ಹಾಗಾಗಿ ಅದು ಉತ್ತರವಲ್ಲ. ‘ಒಂದೇ’, ‘ಎಲ್ಲ’, ‘ಯಾವಾಗಲೂ’, ‘ಎಂದಿಗೂ’ ಅನ್ನುವ ಪದಗಳನ್ನು ಕಂಡರೆ ನಿಂತು ನೋಡುವುದನ್ನು ಕಲಿತದ್ದು ಇಲ್ಲಿಂದ. ಅಂಥ ಪದ ಇದ್ದ ಮಾತ್ರಕ್ಕೆ ತಪ್ಪಲ್ಲ. ಪ್ಯಾಸೇಜಿನಲ್ಲೂ ಅಷ್ಟೇ ಗಟ್ಟಿಯಾಗಿ ಹೇಳಿದ್ದರೆ ಸರಿ. ಪ್ಯಾಸೇಜ್ ಪಾವು ಹೇಳಿದ್ದನ್ನು ಆಯ್ಕೆ ಸೇರು ಮಾಡಿದ್ದರೆ ತಪ್ಪು.

ಅಪ್ಪನಿಗೆ ಈ ಅಭ್ಯಾಸ ಮನೆಯ ಹೊರಗೂ ಬಂತು. 2023ರಲ್ಲಿ ಕೊಬ್ಬರಿ ಬೆಲೆ ಬಿದ್ದಿತ್ತು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಅಷ್ಟು ಸಿಗುತ್ತಿರಲಿಲ್ಲ. ತಿಪಟೂರಿನಲ್ಲಿ ರೈತರು ಧರಣಿ ಕೂತಿದ್ದರು. ನಮ್ಮ ಮನೆಯಲ್ಲೂ ಆ ವರ್ಷ ಬಹಳ ಬಿಗಿ. ನನ್ನ ಕ್ಲ್ಯಾಟ್ ಅರ್ಜಿಯ 4,000 ರೂಪಾಯಿ ಹೊಂದಿಸಲು ಅಮ್ಮ ಸಂಘದಲ್ಲಿ ಸಾಲ ತೆಗೆದಿದ್ದರು. ಒಂದು ದಿನ ಅಪ್ಪ ಹರಾಜಿನಿಂದ ಬಂದು ಹೇಳಿದರು: “ಜನ ಕೊಬ್ಬರಿ ತಿನ್ನೋದು ಬಿಟ್ಟಿದ್ದಾರಂತೆ, ಅದಕ್ಕೇ ರೇಟು ಬಿತ್ತು ಅಂತ ಒಬ್ರು ಹೇಳಿದ್ರು.” ಇಷ್ಟು ಹೇಳಿ ಅಪ್ಪನೇ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದಕ್ಕೆ ಬೇರೆ ಕಾರಣ ಇರಬಾರದಾ?” ಅಂತ ನನ್ನನ್ನೇ ಕೇಳಿದರು. ಇಬ್ಬರೂ ಕೂತು ಲೆಕ್ಕ ಹಾಕಿದೆವು. ತಿನ್ನುವವರು ಅಷ್ಟೇ ಇದ್ದು ಮಾಲು ಜಾಸ್ತಿ ಬಂದಿರಬಹುದು. ಉತ್ತರ ಭಾರತದ ಕಡೆಗೆ ಹೋಗುವ ಮಾಲು ಈ ಸಲ ಬೇರೆ ಕಡೆಯಿಂದ ಹೋಗಿರಬಹುದು. ಕೊಳ್ಳುವವರು ಕಮ್ಮಿ ಜನ ಇದ್ದು ಪೈಪೋಟಿ ಇಲ್ಲದಿರಬಹುದು. ಯಾವುದು ನಿಜ ಅಂತ ನಮಗೆ ಗೊತ್ತಾಗಲಿಲ್ಲ. ಆದರೆ ಬೆಲೆ ಬಿತ್ತು ಅನ್ನುವುದೊಂದರಿಂದ ‘ಜನ ತಿನ್ನೋದು ಬಿಟ್ಟರು’ ಅನ್ನುವ ಮಾತು ಹೊರಡುವುದಿಲ್ಲ ಅಂತ ಗೊತ್ತಾಯಿತು. ಮುಂದಿನ ದಿನ ಮಾಕ್‌ನಲ್ಲಿ ಕಾರಣದ ಮೇಲೆ ಬಂದ ಮೂರೂ ಪ್ರಶ್ನೆ ಸರಿ ಮಾಡಿದೆ. ಬೇರೆ ಕಾರಣ ಇರಬಾರದಾ ಅನ್ನುವುದು ಮನಸ್ಸಿನಲ್ಲಿ ಹಸಿಯಾಗಿತ್ತು.

ಸೆಪ್ಟೆಂಬರ್ ಹೊತ್ತಿಗೆ ಕನ್ಸೋರ್ಟಿಯಂ ಪೇಪರ್‌ಗಳು ಮುಗಿದವು. ಇನ್ನೂ ಪ್ರಶ್ನೆ ಬೇಕಿತ್ತು. ಅಮೆರಿಕದ ಲಾ ಸ್ಕೂಲುಗಳ ಎಲ್‌ಸ್ಯಾಟ್ ಪರೀಕ್ಷೆಯ ಕೆಲವು ಹಳೆಯ ಪೇಪರ್ ಅವರ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿಯ ಲಾಜಿಕಲ್ ರೀಸನಿಂಗ್ ನಮ್ಮದರ ಹಾಗಲ್ಲ. ಮೂರು ನಾಲ್ಕು ವಾಕ್ಯದ ಚಿಕ್ಕ ವಾದ, ಅದಕ್ಕೆ ಸಾಮಾನ್ಯವಾಗಿ ಒಂದೇ ಪ್ರಶ್ನೆ, ಐದು ಆಯ್ಕೆ. ಒಂದು ಭಾಗಕ್ಕೆ 35 ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಕ್ಲ್ಯಾಟ್‌ಗೆ ಓದುವವರಿಗೆ ಅವು ಒಳ್ಳೆಯ ಸಾಣೆಕಲ್ಲು. ಒಂದೊಂದು ಪದವೂ ಅಳೆದು ಇಟ್ಟಿರುತ್ತಾರೆ. ಆದರೆ ಅದನ್ನೇ ಹಿಡಿದುಕೊಂಡರೆ 450 ಪದ ಒಂದೇ ಉಸಿರಿಗೆ ಓದುವ ಅಭ್ಯಾಸ ತಪ್ಪುತ್ತದೆ. ನಾನು ವಾರಕ್ಕೆ ಎರಡು ದಿನ ಮಾತ್ರ ಇಟ್ಟುಕೊಂಡಿದ್ದೆ.

ತಪ್ಪುಗಳಿಗೆ ಒಂದು ನೋಟ್‌ಬುಕ್ ಮಾಡಿದ್ದೆ. ಉತ್ತರ ಬರೆದುಕೊಳ್ಳುತ್ತಿರಲಿಲ್ಲ, ಯಾಕೆ ತಪ್ಪಿದೆ ಅಂತ ಬರೆಯುತ್ತಿದ್ದೆ. ಮೂರು ಗುಂಪು. ‘ಹೊರಗಿಂದ ತಂದದ್ದು’ ಅಂದರೆ ಪ್ಯಾಸೇಜಿನಲ್ಲಿ ಇಲ್ಲದ ನನ್ನ ವಿಚಾರ ತುರುಕಿದ್ದು. ‘ಅಳತೆ ಮೀರಿದ್ದು’ ಅಂದರೆ ಪಾವು ಸೇರಾದದ್ದು. ‘ಪ್ರಶ್ನೆ ಓದದ್ದು’ ಅಂದರೆ ‘ಎಕ್ಸೆಪ್ಟ್’ ಅಂತ ಇದ್ದದ್ದನ್ನು ನೋಡದೆ ಹೋದದ್ದು, ದುರ್ಬಲ ಮಾಡುವುದು ಕೇಳಿದ್ದರೆ ಬಲಪಡಿಸುವುದು ಗುರುತು ಹಾಕಿದ್ದು. ನವೆಂಬರಿನಲ್ಲಿ ಎಣಿಸಿ ನೋಡಿದೆ. ಮೊದಲ ಗುಂಪಿನಲ್ಲೇ ಅರ್ಧಕ್ಕಿಂತ ಜಾಸ್ತಿ ಇತ್ತು. ಹೆಣ್ಣುಮಕ್ಕಳ ಓದು, ಹಳ್ಳಿ, ರೈತರು, ಭಾಷೆ: ನನಗೆ ಹತ್ತಿರದ ವಿಷಯ ಬಂದಾಗಲೆಲ್ಲ ಜಾಸ್ತಿ ತಪ್ಪಿದ್ದೆ. ಷೇರು ಮಾರುಕಟ್ಟೆ, ಬಾಹ್ಯಾಕಾಶ ಅಂತ ದೂರದ ವಿಷಯ ಬಂದರೆ ಆರಕ್ಕೆ ಐದು ಸರಿ. ಇದನ್ನು ನೋಡಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಮುಂದೆ ವಕೀಲೆಯಾದರೆ ನಾನು ಮಾತಾಡಬೇಕಾದದ್ದು ಈ ಹತ್ತಿರದ ವಿಷಯಗಳ ಮೇಲೇ ಅಲ್ವಾ? ಅಲ್ಲೇ ಎದುರಿನವರ ಮಾತು ಕಿವಿಗೆ ಬೀಳದಿದ್ದರೆ ಹೇಗೆ? ಅಂದಿನಿಂದ ಹತ್ತಿರದ ವಿಷಯದ ಪ್ಯಾಸೇಜುಗಳನ್ನೇ ಹುಡುಕಿ ಹುಡುಕಿ ಮಾಡಿದೆ. ಮೊದಲು ನಾನು ಒಪ್ಪದ ವಾದವನ್ನು, ಒಪ್ಪಿದವಳ ಹಾಗೆ ಅಪ್ಪನ ಮುಂದೆ ಹೇಳುವುದು. ಆಮೇಲೆ ಪ್ರಶ್ನೆ.

ಸಮಯದ ಲೆಕ್ಕ ಸರಳ. ಈ ಭಾಗಕ್ಕೆ 28 ನಿಮಿಷ ಇಟ್ಟುಕೊಂಡಿದ್ದೆ. ನಾಲ್ಕು ಪ್ಯಾಸೇಜ್ ಅಂದರೆ ಒಂದಕ್ಕೆ ಏಳು. ಓದಲು ಮೂರು ನಿಮಿಷ, ಆರು ಪ್ರಶ್ನೆಗೆ ನಾಲ್ಕು. ಎರಡು ಆಯ್ಕೆಯ ನಡುವೆ ಸಿಕ್ಕಿಕೊಂಡರೆ ಒಂದಕ್ಕೆ ಗುರುತು ಹಾಕಿ ಹೋಗುತ್ತಿದ್ದೆ. ಎರಡನ್ನು ಖಂಡಿತ ತೆಗೆದುಹಾಕಿದ ಮೇಲೆ ಕಾಲು ಅಂಕದ ಭಯಕ್ಕೆ ಬಿಟ್ಟು ಬರುವುದು ನಷ್ಟ. ನಾಲ್ಕೂ ಒಂದೇ ಥರ ಕಂಡರೆ ಬಿಡುತ್ತಿದ್ದೆ.

ಡಿಸೆಂಬರ್ 3, ಭಾನುವಾರ. ಮಧ್ಯಾಹ್ನ 2ರಿಂದ 4. ಬೆಳಗಿನ ರೈಲಿಗೆ ಅಪ್ಪನ ಜೊತೆ ಬೆಂಗಳೂರಿಗೆ ಹೋದೆ. ಸೆಂಟರಿನ ಗೇಟಿನ ಹತ್ತಿರ ಎಲ್ಲರೂ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ಕೈಯಲ್ಲಿ ಕೋಚಿಂಗ್‌ನವರ ದಪ್ಪ ಪುಸ್ತಕ. ಕೈ ತಣ್ಣಗಾಯಿತು. ಅಪ್ಪ ಏನೂ ಹೇಳಲಿಲ್ಲ. ನೀರಿನ ಬಾಟಲಿ ಕೊಟ್ಟು, “ಮೊದ್ಲು ಅವನ ಮಾತು ಕೇಳು” ಅಂದರು ಅಷ್ಟೇ.

ಲಾಜಿಕಲ್ ರೀಸನಿಂಗ್ ಭಾಗವನ್ನು ಮೂರನೆಯದಾಗಿ ತೆಗೆದೆ. ಮೊದಲ ಪ್ಯಾಸೇಜ್ ಓದಿ ಮುಗಿಸಿದಾಗ ತಲೆಯಲ್ಲಿ ಏನೂ ಉಳಿದಿರಲಿಲ್ಲ. ಭಯಕ್ಕೆ ಕಣ್ಣು ಓದಿತ್ತು, ಮನಸ್ಸು ಓದಿರಲಿಲ್ಲ. ಮೂರು ನಿಮಿಷ ಹೋಗಿತ್ತು. ಮತ್ತೆ ಮೊದಲಿಂದ ಓದುವುದೋ, ನೇರ ಪ್ರಶ್ನೆಗೆ ಹೋಗುವುದೋ? ಮತ್ತೆ ಓದಿದೆ. ಈ ಸಲ ತುಟಿ ಅಲ್ಲಾಡಿಸುತ್ತಾ ಕನ್ನಡದಲ್ಲಿ ಹೇಳಿಕೊಂಡೆ. ಏನ್ ಹೇಳ್ದ? ಯಾಕಂತೆ? ಎರಡೂ ಸಿಕ್ಕವು. ಆ ಆರು ಪ್ರಶ್ನೆ ಮೂರು ನಿಮಿಷದೊಳಗೆ ಮುಗಿದವು. ಉಳಿದ ಪ್ಯಾಸೇಜುಗಳಲ್ಲಿ ಹೀಗಾಗಲಿಲ್ಲ. ಆದರೂ ಕೊನೆಯಲ್ಲಿ ಎರಡು ಪ್ರಶ್ನೆ ಬಿಟ್ಟೆ, ಸಮಯ ಇರಲಿಲ್ಲ.

ತಾತ್ಕಾಲಿಕ ಕೀ ಉತ್ತರ ಬಂದ ಮೇಲೆ ಕೂತು ಲೆಕ್ಕ ಹಾಕಿದೆ. ಈ ಭಾಗದಲ್ಲಿ 18 ಸರಿ, 4 ತಪ್ಪು. 17 ಅಂಕ. ಗಣಿತದ ಭಾಗದಲ್ಲಿ ಮತ್ತು ಪ್ರಚಲಿತ ವಿದ್ಯಮಾನದಲ್ಲಿ ಕಮ್ಮಿ ಬಿದ್ದಿತ್ತು. ನಾಗರಭಾವಿಗೆ ಬೇಕಾದ ರ‍್ಯಾಂಕ್ ಬರಲಿಲ್ಲ. ಕೌನ್ಸೆಲಿಂಗ್‌ನ ನಂತರದ ಪಟ್ಟಿಯಲ್ಲಿ ಬೇರೆ ರಾಜ್ಯದ ಒಂದು ಕಾನೂನು ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಬ್ಯಾಂಕ್ ಸಾಲ ಮಾಡಿ ಸೇರಿದ್ದೇನೆ.

ತಪ್ಪಾದ ಆ ನಾಲ್ಕನ್ನೂ ನೋಟ್‌ಬುಕ್‌ಗೆ ಬರೆದೆ. ಮೂರು ಅಳತೆ ಮೀರಿದ್ದು. ಒಂದು ಹೊರಗಿಂದ ತಂದದ್ದು.

ಈಗ ನಮ್ಮೂರಿನ ಒಬ್ಬ ಹುಡುಗಿ ಸೆಕೆಂಡ್ ಪಿಯುಸಿಯಲ್ಲಿದ್ದಾಳೆ. ಅವಳೂ ಕ್ಲ್ಯಾಟ್ ಬರೆಯುತ್ತೇನೆ ಅಂತಿದ್ದಾಳೆ. ಭಾನುವಾರ ರಾತ್ರಿ ಫೋನಿನಲ್ಲಿ ಒಂದು ಪ್ಯಾಸೇಜ್ ಮಾಡುತ್ತೇವೆ. ಅವಳು ಕನ್ನಡದಲ್ಲಿ ಹೇಳಬೇಕು, ನಾನು ಕೇಳಬೇಕು. ಹೋದ ವಾರದ್ದು ಕೆರೆ ಹೂಳೆತ್ತುವ ಬಗ್ಗೆ ಇತ್ತು. ಅವಳ ಅಜ್ಜನ ಹೊಲ ಕೆರೆ ಪಕ್ಕದಲ್ಲೇ ಇರುವುದು, ಹಾಗಾಗಿ ಅವಳಿಗೂ ಸಿಟ್ಟು ಬಂತು. “ಅಕ್ಕಾ, ಬಿ ಆಪ್ಷನ್ನೇ ಸರಿ, ನಮ್ಮೂರಲ್ಲಿ ಹಾಗೇ ಆಗಿದೆ” ಅಂತ ಒಂದೇ ಹಟ. ಕೀ ನೋಡಬೇಡ, ಉಳಿದ ಮೂರು ಯಾಕೆ ತಪ್ಪು ಅಂತ ಒಂದೊಂದು ವಾಕ್ಯ ಬರೆದು ಕಳಿಸು ಅಂದಿದ್ದೇನೆ. ನಿನ್ನೆ ಎರಡಕ್ಕೆ ಬರೆದು ಕಳಿಸಿದ್ದಾಳೆ. ಮೂರನೆಯದಕ್ಕೆ ಇನ್ನೊಂದು ದಿನ ಕೊಡಿ ಅಂದಿದ್ದಾಳೆ.